ಮಾರ್ಜಾರ ಮತ್ತು ಸಂಮಾರ್ಜನಿ

ಸಂಸ್ಕೃತದ ‘ಮೃಜ್’ ಧಾತುವಿಗೆ ಒರೆಸು, ಉಜ್ಜು, ಶುಚಿಗೊಳಿಸು ಎಂಬ ಅರ್ಥಗಳಿವೆ. ಆ ಒಂದು ಧಾತುವಿನಿಂದ ಹುಟ್ಟಿದ ಎರಡು ಪದಗಳು ನಮ್ಮ ಇಂದಿನ ವಿಷಯಕ್ಕೆ ಬೇಕಾದವು. ಒಂದು ಸಂಮಾರ್ಜನಿ, ಎಂದರೆ ಕಸಬರಿಗೆ. ಇನ್ನೊಂದು ಮಾರ್ಜಾರ, ಎಂದರೆ ಬೆಕ್ಕು. ಸದಾ ಮೈ ನೆಕ್ಕಿಕೊಂಡು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಪ್ರಾಣಿಯಾದ್ದರಿಂದ ಅದಕ್ಕೆ ಈ ಹೆಸರು ಬಂದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಹೀಗೆ ವ್ಯಾಕರಣದ ಮನೆಯಲ್ಲಿ ಒಡಹುಟ್ಟಿದವರಾದ ಇವರಿಬ್ಬರೂ ನಮ್ಮ ನಿಮ್ಮ ಮನೆಗಳಲ್ಲಿ ಮಾತ್ರ ಬದ್ಧವೈರಿಗಳಾಗಿ ಬಾಳುತ್ತಿದ್ದಾರೆ. ಬೆಕ್ಕು ತನ್ನ ಮೈಯನ್ನು ಒಪ್ಪಗೊಳಿಸಿಕೊಂಡಷ್ಟೂ ಗೃಹಿಣಿಯ ನೆಲ ಒಪ್ಪಗೆಡುತ್ತದೆ. ಉದುರಿದ ತುಪ್ಪುಳು ಹಾಸಿಗೆಯ ಮೇಲೆ, ಪಂಚೆಯ ಅಂಚಿನಲ್ಲಿ, ಪುಸ್ತಕದ ಹಾಳೆಗಳ ನಡುವೆ, ಒಮ್ಮೊಮ್ಮೆ ಅನ್ನದ ತಟ್ಟೆಯಲ್ಲಿ ಕಾಣಿಸಿಕೊಂಡು ಮನೆಯ ನೆಮ್ಮದಿಯನ್ನು ಕದಡುತ್ತದೆ.

ನರಗುಂದವೆಂದೊಡನೆ ಕೇಳುಗರಿಗೆ ನೆನಪಾಗುವುದು ಬಂಡಾಯ. ೧೮೫೮ರಲ್ಲಿ ಬಾಬಾಸಾಹೇಬನು ಬ್ರಿಟಿಷರ ವಿರುದ್ಧ ಎದ್ದು ನಿಂತ ಊರು ಅದು. ೧೯೮೦ರಲ್ಲಿ ಮಲಪ್ರಭೆಯ ನೀರಿನ ಕರದ ವಿಷಯವಾಗಿ ರೈತರು ಎದ್ದು ನಿಂತ ಊರೂ ಅದೇ. ಅಂಥ ಊರಿನಲ್ಲಿ ಕುಳಿತವನೊಬ್ಬನು ಆಕಾಶವಾಣಿಯ ಮುಂದೆ ಬಂದು ಬೆಕ್ಕಿನ ಕೂದಲನ್ನು ಕುರಿತು ಮಾತನಾಡುವುದು ಹಾಸ್ಯಾಸ್ಪದವೆನಿಸಬಹುದು. ಆದರೆ ಈ ಕೂದಲಿನ ಕಾರಣದಿಂದ ಬೀದಿಪಾಲಾದ ಬೆಕ್ಕುಗಳನ್ನೂ, ಮನಸ್ಸು ಮುರಿದುಕೊಂಡ ಅತ್ತೆ-ಸೊಸೆಯರನ್ನೂ ನಾನು ಕಂಡಿರುವುದರಿಂದ ಈ ವಿಷಯವನ್ನು ಅಲ್ಪವೆಂದು ತಳ್ಳಿಹಾಕಲಾರೆ.

ನಮ್ಮ ಸೀಮೆ ಎರೆಭೂಮಿಯ ಸೀಮೆ. ಜೋಳ, ಗೋದಿ, ಕಡಲೆ, ಹತ್ತಿ ಬೆಳೆಯುವ ನೆಲ. ಹಳೆಯ ಮನೆಗಳಲ್ಲಿ ಕಾಳು ಹಗೇವಿನಲ್ಲಿಯೂ ನಡುಮನೆಯ ಚೀಲಗಳಲ್ಲಿಯೂ ಇರುತ್ತಿತ್ತು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು; ಇದು ಒಕ್ಕಲುತನದಷ್ಟೇ ಹಳೆಯ ಲೆಕ್ಕ. ೧೮೯೮ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹಣ್ಣುಮಾಡಿದ ಮೇಲೆ ಆ ಲೆಕ್ಕಕ್ಕೆ ಇನ್ನೊಂದು ಅರ್ಥವೂ ಬಂತು. ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಬುಕಾನನ್ ಎಂಬ ಅಧಿಕಾರಿ ಬೆಕ್ಕುಗಳು ಪ್ಲೇಗನ್ನು ತಡೆಯಬಲ್ಲವೆಂದು ವಾದಿಸಿ ೧೯೦೮ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಲೇಖನವನ್ನೇ ಬರೆದನು. ಇಂದು ಹಗೇವುಗಳು ಮುಚ್ಚಿಹೋಗಿವೆ, ಪ್ಲೇಗಿನ ಭಯವಿಲ್ಲ. ಬೆಕ್ಕು ಮಾತ್ರ ಕೆಲಸ ಹೋದರೂ ಮನೆ ಬಿಡದ ಹಳೆಯ ಆಳಿನಂತೆ ಉಳಿದುಕೊಂಡಿದೆ. ಕೆಲಸವಿದ್ದಾಗ ಯಾರೂ ಎಣಿಸದ ಅದರ ಕೂದಲನ್ನು ಈಗ ಎಲ್ಲರೂ ಎಣಿಸತೊಡಗಿದ್ದಾರೆ.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಬಹುದಿನಗಳಿಂದ ಕುತೂಹಲ ಹುಟ್ಟಿಸಿದ ಸಂಗತಿಯೊಂದಿದೆ. ಬೆಕ್ಕಿನ ಮೇಲೆ ನಮ್ಮ ಜನ ಹೊರಿಸಿದ ಆರೋಪಗಳು ಒಂದೆರಡಲ್ಲ. ಅದು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟವಾಡುತ್ತದೆ. ಅಡ್ಡ ಬಂದರೆ ಅಪಶಕುನ. ಪಂಚತಂತ್ರದ ಕಥಾಪರಂಪರೆಯಲ್ಲಿ ಅದು ಕಪಟ ತಪಸ್ವಿ. ಆ ಪಂಚತಂತ್ರವನ್ನು ೧೦೩೧ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹನು ನಮ್ಮ ನೆರೆಯ ರೋಣ ತಾಲೂಕಿನ ಸವಡಿಯವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ನನ್ನ ನೆನಪಿನಲ್ಲಿರುವ ಗಾದೆಗಳಲ್ಲಿ ಒಂದಾದರೂ ಬೆಕ್ಕಿನ ಉದುರುಕೂದಲನ್ನು ದೂರುವುದಿಲ್ಲ. ಹಾಲಿನ ಕಳವನ್ನು ಮರೆಯದ ಜನ ಕೂದಲನ್ನೇಕೆ ಮರೆತರು?

ಉತ್ತರ ನೆಲದಲ್ಲಿದೆ. ಹಳೆಯ ಮನೆಯ ನೆಲ ಮಣ್ಣಿನದು. ಅದನ್ನು ಆಗಾಗ ಸೆಗಣಿಯಿಂದ ಸಾರಿಸುತ್ತಿದ್ದರು. ಸಾರಣೆಯ ಒದ್ದೆ ಅರಿವೆ ಕೂದಲನ್ನು ತನ್ನೊಡನೆ ಒಯ್ಯುತ್ತಿತ್ತು, ಉಳಿದದ್ದು ಸಾರಣೆಯಲ್ಲಿಯೇ ಹುದುಗಿಹೋಗುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬೆಳಕೂ ಅಷ್ಟಕ್ಕಷ್ಟೇ. ಇಂದು ನೆಲಕ್ಕೆ ಕನ್ನಡಿಯಂಥ ಹೆಂಚುಗಳು ಬಂದಿವೆ, ತಲೆಯ ಮೇಲೆ ಪಂಖ ತಿರುಗುತ್ತದೆ, ಮೂಲೆಮೂಲೆಗೂ ದೀಪದ ಬೆಳಕು ಬೀಳುತ್ತದೆ. ನುಣುಪಾದ ನೆಲದ ಮೇಲೆ ನಿಲ್ಲಲಾರದೆ ಕೂದಲು ಪಂಖದ ಗಾಳಿಗೆ ಸರಿದು ಬಾಗಿಲಿನ ಹಿಂದೆ, ಕಪಾಟಿನ ಕೆಳಗೆ ಉಂಡೆಕಟ್ಟುತ್ತದೆ. ಬೆಕ್ಕು ಹಿಂದಿಗಿಂತ ಹೆಚ್ಚು ಕೂದಲನ್ನು ಉದುರಿಸುತ್ತಿದೆ ಎಂದು ದೂರುವವರು ಮೊದಲು ತಮ್ಮ ಮನೆಯ ನೆಲವನ್ನು ನೋಡಬೇಕು.

ಇನ್ನು ಕೂದಲು ಉದುರುವುದೇಕೆ? ಹಳಗನ್ನಡದಲ್ಲಿ ‘ನವಿರ್’ ಎಂದರೆ ಕೂದಲು. ರೋಮಾಂಚನಕ್ಕೆ ನಾವು ನವಿರೇಳುವುದು ಎನ್ನುವುದು ಅದರಿಂದಲೇ. ಇಂದಿನ ಕನ್ನಡದಲ್ಲಿ ಆ ಪದ ಕೋಮಲವಾದದ್ದು, ಸೂಕ್ಷ್ಮವಾದದ್ದು ಎಂಬ ಅರ್ಥದಲ್ಲಿ ಉಳಿದಿದೆ. ಬೆಕ್ಕಿನ ಮೈಯಲ್ಲಿ ಈ ಎರಡೂ ಅರ್ಥಗಳು ಕೂಡಿವೆ. ಮೇಲೆ ಕಾಣುವ ಉದ್ದನೆಯ ಒರಟು ಕೂದಲಿನ ಕೆಳಗೆ ಹತ್ತಿಯ ಎಳೆಯಂಥ ತೆಳುವಾದ ಒಳತುಪ್ಪುಳು ಇರುತ್ತದೆ. ಮನೆಯಲ್ಲಿ ಹಾರಾಡುವುದರಲ್ಲಿ ಹೆಚ್ಚಿನದು ಈ ಒಳತುಪ್ಪುಳೇ. ಪ್ರತಿಯೊಂದು ಕೂದಲೂ ಕೆಲವು ಕಾಲ ಬೆಳೆದು, ಬೆಳವಣಿಗೆ ನಿಂತು, ವಿಶ್ರಮಿಸಿ, ಬಳಿಕ ಹೊಸ ಕೂದಲಿಗೆ ಎಡೆಮಾಡಿಕೊಟ್ಟು ಉದುರುತ್ತದೆ. ಈ ಚಕ್ರವನ್ನು ತಿರುಗಿಸುವುದರಲ್ಲಿ ಸೆಕೆಗಿಂತ ಹಗಲಿನ ಉದ್ದದ ಪಾತ್ರ ದೊಡ್ಡದು. ಕಣ್ಣಿಗೆ ಬೀಳುವ ಬೆಳಕು ಮಿದುಳಿನ ಗ್ರಂಥಿಯೊಂದರ ಮೂಲಕ ಚರ್ಮಕ್ಕೆ ಋತುವಿನ ಸುದ್ದಿ ಮುಟ್ಟಿಸುತ್ತದೆ. ಲಂಡನ್ನಿನಲ್ಲಿ ಬೇಸಿಗೆಯ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ ಅತಿ ಕಿರಿದಾದ ಹಗಲು ಎಂಟು ಗಂಟೆಗೂ ಕಡಿಮೆ. ಅಲ್ಲಿ ಹೊರಗೆ ಬಾಳುವ ಬೆಕ್ಕು ವಸಂತದಲ್ಲಿ ಚಳಿಗಾಲದ ಅಂಗಿಯನ್ನು ಕಳಚುತ್ತದೆ, ಶರತ್ಕಾಲದಲ್ಲಿ ಬೇಸಿಗೆಯದನ್ನು. ನರಗುಂದದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ಸಾಲದ್ದಕ್ಕೆ ರಾತ್ರಿ ಹತ್ತರವರೆಗೆ ಮನೆಯಲ್ಲಿ ದೀಪ ಉರಿಯುತ್ತದೆ. ಆದ್ದರಿಂದ ನಮ್ಮ ಬೆಕ್ಕು ವರ್ಷವಿಡೀ ಅಷ್ಟಿಷ್ಟು ಉದುರಿಸುತ್ತಲೇ ಇರುತ್ತದೆ. ಹೋಳಿಹುಣ್ಣಿಮೆಯಿಂದ ಯುಗಾದಿಯವರೆಗೆ ಅದು ತುಸು ಹೆಚ್ಚುವುದನ್ನು ನಮ್ಮ ಮನೆಯಲ್ಲಿ ಪ್ರತಿವರ್ಷ ಕಂಡಿದ್ದೇನೆ.

ಉದುರುವುದನ್ನು ನಿಲ್ಲಿಸುವ ಉಪಾಯವಿಲ್ಲ. ನಿಲ್ಲಿಸಿದರೆ ಅದು ರೋಗವೇ ಸರಿ. ನಮ್ಮ ಕೈಯಲ್ಲಿರುವುದು ಕೂದಲು ಎಲ್ಲಿ ಉದುರಬೇಕೆಂಬುದನ್ನು ನಿರ್ಣಯಿಸುವುದು ಮಾತ್ರ. ನೆಲಕ್ಕೆ ಬಿದ್ದ ಮೇಲೆ ಅದನ್ನು ನೂರು ಕಡೆ ಹುಡುಕಬೇಕು. ಮೈಮೇಲೆ ಇರುವಾಗಲಾದರೆ ಒಂದೇ ಕಡೆ ಹಿಡಿಯಬಹುದು. ಈ ಸರಳ ಸಂಗತಿ ನಮ್ಮ ಮನೆಗಳಲ್ಲಿ ಯಾರಿಗೂ ಹೊಳೆಯದಿರುವುದು ಆಶ್ಚರ್ಯ. ಎತ್ತಿನ ಮೈ ತಿಕ್ಕುವ ರೈತ, ಕುದುರೆಗೆ ಖರಾರ ಮಾಡುವ ಟಾಂಗಾವಾಲಾ, ಇವರನ್ನೆಲ್ಲ ಕಂಡು ಬೆಳೆದ ನಾವು ಬೆಕ್ಕಿಗೆ ಮಾತ್ರ ಹಣಿಗೆ ಹಿಡಿದದ್ದಿಲ್ಲ.

ಬೆಕ್ಕು ತನ್ನ ಹಣಿಗೆಯನ್ನು ತಾನೇ ಹೊತ್ತು ತಿರುಗುತ್ತದೆ ಎಂಬುದು ನಿಜ. ಅದರ ನಾಲಿಗೆಯ ಮೇಲೆ ಉಗುರಿನ ದ್ರವ್ಯದಿಂದಲೇ ಆದ, ಹಿಮ್ಮುಖವಾಗಿ ಬಾಗಿದ ಮುಳ್ಳುಗಳಿವೆ. ಆ ಮುಳ್ಳುಗಳ ತುದಿ ಪೊಳ್ಳಾಗಿದ್ದು, ಪುಟ್ಟ ಸೌಟಿನಂತೆ ಜೊಲ್ಲನ್ನು ಎತ್ತಿ ಕೂದಲಿನ ಬುಡದವರೆಗೆ ಮುಟ್ಟಿಸುತ್ತವೆಂದು ೨೦೧೮ರಲ್ಲಿ ಅಮೆರಿಕದ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಎಂಬ ಸಂಶೋಧಕರು ತೋರಿಸಿಕೊಟ್ಟರು. ಎಚ್ಚರವಿರುವ ಹೊತ್ತಿನ ನಾಲ್ಕರಲ್ಲಿ ಒಂದು ಪಾಲನ್ನು ಅದು ಈ ಕಾಯಕದಲ್ಲಿ ಕಳೆಯಬಲ್ಲದು. ಆದರೆ ಮುಳ್ಳುಗಳು ಹಿಮ್ಮುಖವಾಗಿರುವುದರಿಂದ ನಾಲಿಗೆಗೆ ಸಿಕ್ಕ ಕೂದಲನ್ನು ಉಗುಳಲಾರದೆ ನುಂಗುತ್ತದೆ. ಬಹುಪಾಲು ಮಲದೊಡನೆ ಹೋಗುತ್ತದೆ, ಉಳಿದದ್ದು ಹೊಟ್ಟೆಯಲ್ಲಿ ಉಂಡೆಗಟ್ಟಿ ಒಂದು ಮುಂಜಾವಿನಲ್ಲಿ ಪಡಸಾಲೆಯ ಮೇಲೆ ವಾಂತಿಯಾಗಿ ಬೀಳುತ್ತದೆ. ಆದಕಾರಣ ಹಣಿಗೆಯಿಂದ ನಾವು ತೆಗೆದ ಪ್ರತಿಯೊಂದು ಎಳೆಯೂ ನೆಲಕ್ಕೂ ಹೊಟ್ಟೆಗೂ ಉಳಿತಾಯ.

ನಮ್ಮ ಮನೆಯ ಪದ್ಧತಿಯನ್ನು ಹೇಳುತ್ತೇನೆ. ಸಂಜೆ ಬೆಕ್ಕು ಉಂಡು ತೂಕಡಿಸುವ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕೂಡಬೇಕು. ಮಡಿಲಲ್ಲಿ ಹಳೆಯ ನೂಲಿನ ಅರಿವೆಯೊಂದನ್ನು ಹಾಸಿಕೊಳ್ಳಬೇಕು. ಮೊದಲು ಅಂಗೈಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಆ ತೇವದ ಕೈಯಿಂದ ಕೊರಳಿನಿಂದ ಬಾಲದ ಕಡೆಗೆ ನಾಲ್ಕೈದು ಸಲ ಸವರಬೇಕು. ಆಗ ಸಡಿಲವಾದ ಕೂದಲು ಹಾರದೆ ಒಂದುಗೂಡುತ್ತದೆ. ಬಳಿಕ ಅಗಲ ಹಲ್ಲಿನ ಹಣಿಗೆ, ಕೊನೆಗೆ ಸೀರಣಿಗೆ. ಸೀರಣಿಗೆಯನ್ನು ಒತ್ತಬಾರದು, ಬೆಕ್ಕಿನ ಚರ್ಮ ಬಹು ತೆಳು. ಹೊಟ್ಟೆಯ ಕಡೆಗೂ ಬಾಲಕ್ಕೂ ಕೈ ಹಾಕದಿರುವುದು ಲೇಸು. ಅಲ್ಲಿ ಅದರ ಸಹನೆ ಮುಗಿಯುತ್ತದೆ. ಐದು ನಿಮಿಷ ಸಾಕು. ಮೊದಲ ದಿನಗಳಲ್ಲಿ ಅದು ಒಂದೇ ನಿಮಿಷಕ್ಕೆ ಎದ್ದು ಹೋದರೆ ಹೋಗಲಿ, ಮರುದಿನವೂ ಅದೇ ಹೊತ್ತಿಗೆ ಅದೇ ಕಟ್ಟೆಗೆ ಕರೆಯಬೇಕು. ಬೆಕ್ಕಿಗೆ ಬಲವಂತ ಆಗದು, ಅಭ್ಯಾಸ ಆಗುತ್ತದೆ. ಬಂದ ಕೂದಲನ್ನು ಸುತ್ತಿ ಕಾಗದದಲ್ಲಿ ಕಟ್ಟಿಬಿಡುವುದು. ಹತ್ತನೆಯ ದಿನದ ಹೊತ್ತಿಗೆ ನಮ್ಮ ಮನೆಯ ಬಾಗಿಲ ಹಿಂದಿನ ಉಂಡೆಗಳು ಅರ್ಧಕ್ಕೆ ಇಳಿದಿದ್ದವು.

ಬೇಸಿಗೆಯೆಂದು ಕೂದಲನ್ನು ಬೋಳಿಸುವುದು, ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಹಚ್ಚುವುದು, ನಮ್ಮ ಮೈಸಾಬೂನಿನಿಂದ ವಾರವಾರ ಮೀಯಿಸುವುದು, ಇವು ಯಾವುವೂ ಬೇಡ. ತುಪ್ಪುಳು ಬಿಸಿಲಿಗೂ ಕೊಡೆ. ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಬೆಕ್ಕಿರುವ ಮನೆಯೆಂದು ನೆಲಕ್ಕೆ ದಿನವೂ ಫಿನೈಲು ಸುರಿಯುವವರುಂಟು. ಫಿನೈಲಿನ ಜಾತಿಯ ದ್ರವ್ಯಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ನಮ್ಮಷ್ಟಿಲ್ಲ. ಒದ್ದೆ ನೆಲದ ಮೇಲೆ ನಡೆದು ಅದೇ ಕಾಲನ್ನು ನೆಕ್ಕುವ ಪ್ರಾಣಿಗೆ ಅದು ವಿಷವಾಗುತ್ತದೆ. ಡಾಂಬರಿನ ಗುಳಿಗೆಯೂ ಹಾಗೆಯೇ. ಕೂದಲಿಗೆ ನೀರು ಸಾಕು, ಫಿನೈಲು ಬೇಕಿಲ್ಲ.

ನೆಲದ ವಿಷಯದಲ್ಲಿ ನಮ್ಮ ಹಿರಿಯರ ಕ್ರಮವನ್ನೇ ತುಸು ತಿರುಗಿಸಬೇಕು. ನಾವು ಮೊದಲು ಗುಡಿಸಿ ಆಮೇಲೆ ಒರೆಸುತ್ತೇವೆ. ಒಣ ಕಸಬರಿಗೆ ಮುಟ್ಟಿದೊಡನೆ ತುಪ್ಪುಳು ಮೇಲೆದ್ದು, ಒರೆಸಿ ಮುಗಿಸಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ಬೆಕ್ಕು ಮಲಗುವ ಕೋಣೆಯಲ್ಲಿ ಪಂಖ ನಿಲ್ಲಿಸಿ, ಹಿಂಡಿದ ಒದ್ದೆ ಅರಿವೆಯನ್ನು ಮೊದಲು ಎಳೆದು, ಆಮೇಲೆ ಉಳಿದ ಕಸವನ್ನು ಗುಡಿಸಬೇಕು. ನಿರ್ವಾತದಿಂದ ಕಸ ಎಳೆಯುವ ಯಂತ್ರವಿದ್ದವರಿಗೆ ಈ ತೊಂದರೆ ಕಡಿಮೆ. ಆದರೆ ಅದರ ಸದ್ದಿಗೆ ನಮ್ಮ ಬೆಕ್ಕು ಮಾಳಿಗೆ ಏರಿ ಸಂಜೆಯವರೆಗೆ ಇಳಿಯಲಿಲ್ಲವೆಂಬುದನ್ನೂ ಹೇಳಬೇಕು.

ಬಟ್ಟೆಗಳ ಸ್ವಭಾವ ಒಂದೊಂದರದು ಒಂದೊಂದು ಬಗೆ. ನೂಲಿನ ಪಂಚೆಯನ್ನು ಜಾಡಿಸಿದರೆ ಕೂದಲು ಬಹುಮಟ್ಟಿಗೆ ಹೋಗುತ್ತದೆ. ಟೆರಿಲಿನ್, ನೈಲಾನುಗಳು ಚಳಿಗಾಲದ ಒಣಹವೆಯಲ್ಲಿ ಮೈಗೆ ತಿಕ್ಕಿ ವಿದ್ಯುದಂಶ ಪಡೆದು ಕೂದಲನ್ನು ಸೆಳೆದುಕೊಳ್ಳುತ್ತವೆ. ಅವುಗಳನ್ನು ಜಾಡಿಸುವುದು ವ್ಯರ್ಥ, ಒದ್ದೆ ಕೈಯಿಂದ ಸವರಿದರೆ ವಿದ್ಯುತ್ತು ಹರಿದುಹೋಗಿ ಕೂದಲು ಬಿಡುತ್ತದೆ. ಕುರಿಯ ತುಪ್ಪಟದ ಕಂಬಳಿಯೊಳಗೆ ಸೇರಿದ ಬೆಕ್ಕಿನ ಕೂದಲು ತನ್ನ ಜಾತಿಯವರ ನಡುವೆ ಬೆರೆತುಹೋಗಿ ಸಿಗುವುದೇ ಇಲ್ಲ. ನೆರೆಯ ನವಲಗುಂದದ ಜಮಖಾನೆಗಳಿಗೆ ಈ ದೋಷವಿಲ್ಲ. ಅವಕ್ಕೆ ಮೇಲೆದ್ದ ಎಳೆಗಳಿಲ್ಲ. ನೇಯ್ಗೆ ಚಪ್ಪಟೆ ಮತ್ತು ಬಿಗಿ. ನೇಯ್ಗೆಯ ಸಾಲಿನ ಗುಂಟ ಗಟ್ಟಿ ಬ್ರಶ್ ಎಳೆದರೆ ಕೂದಲು ಸಾಲಾಗಿ ಹೊರಬರುತ್ತದೆ. ಅತ್ಯಂತ ಕಠಿಣವಾದದ್ದು ಕೌದಿ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಕೂಡಿಸಿ ಅಂಗುಲ ಅಂಗುಲಕ್ಕೂ ಹೊಲಿಗೆ ಹಾಕಿದ ಆ ಹೊದಿಕೆಯ ಮೇಲೆ ಬೆಕ್ಕಿಗೆ ಅದೇನು ವ್ಯಾಮೋಹವೋ! ಹೊಸ ಹಾಸಿಗೆಯನ್ನು ಬಿಟ್ಟು ಅಜ್ಜಿಯ ಕೌದಿಯನ್ನೇ ಹುಡುಕಿ ಮಲಗುತ್ತದೆ. ಹೊಲಿಗೆಯ ಒಂದೊಂದು ಕಣಿವೆಯಲ್ಲಿಯೂ ತುಪ್ಪುಳು ಇಳಿಯುತ್ತದೆ. ಇದಕ್ಕೆ ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ ಗೇಣುದ್ದದ ತುಂಡನ್ನು ಕೈಗೆ ಸುತ್ತಿಕೊಂಡು ಒಂದೇ ದಿಕ್ಕಿಗೆ ತಿಕ್ಕಿದರೆ ರಬ್ಬರಿನ ಹಿಡಿತಕ್ಕೆ ಕೂದಲು ಸುರುಳಿಗಟ್ಟಿ ಮೇಲೆ ಬರುತ್ತದೆ. ಪೇಟೆಯಲ್ಲಿ ಇದೇ ಕೆಲಸಕ್ಕೆ ಬೆಲೆಬಾಳುವ ಉಪಕರಣಗಳು ಸಿಗುತ್ತವೆ. ಟ್ಯೂಬಿಗಿಂತ ಅವು ಹೆಚ್ಚೇನೂ ಮಾಡುವುದಿಲ್ಲ. ಅದಕ್ಕೂ ಸುಲಭವಾದದ್ದೆಂದರೆ ಕೌದಿಯೊಂದನ್ನು ಬೆಕ್ಕಿಗೇ ಬಿಟ್ಟುಕೊಟ್ಟು, ಅದನ್ನು ವಾರಕ್ಕೊಮ್ಮೆ ಹೊರಗೆ ಜಾಡಿಸಿ ಒಗೆಯುವುದು. ಮಲಗುವ ಸ್ಥಳ ಒಂದಾದರೆ ಉದುರುವ ಸ್ಥಳವೂ ಬಹುಪಾಲು ಒಂದೇ ಆಗುತ್ತದೆ.

ಅನ್ನದೊಳಗಿನ ಕೂದಲಿನ ಮಾತು ಬೇರೆ. ಕೂದಲು ಕೀಟಗಳು ಬಿದ್ದ ಅನ್ನವನ್ನು ಮನುಸ್ಮೃತಿ ದೂಷಿತವೆಂದು ಎಣಿಸಿ, ಅದರ ಮೇಲೆ ಮಣ್ಣು ಚೆಲ್ಲುವುದರಿಂದ ಶುದ್ಧಿಯೆಂದು ಹೇಳುತ್ತದೆ. ಆ ಪ್ರಾಯಶ್ಚಿತ್ತವನ್ನು ಇಂದು ಯಾರೂ ಮಾಡಲಾರರು. ಆದರೆ ಮಡಿಯ ಸೀರೆಯನ್ನು ಯಾರ ಕೈಗೂ ಎಟುಕದಂತೆ ಮೇಲಿನ ಗಳಕ್ಕೆ ಕೋಲಿನಿಂದ ಏರಿಸಿ, ಅಡಿಗೆಗೆ ನಿಲ್ಲುವಾಗ ಕೋಲಿನಿಂದಲೇ ಇಳಿಸಿ ಉಡುತ್ತಿದ್ದರಲ್ಲ, ಆ ಸೀರೆಗೆ ಬೆಕ್ಕಿನ ಕೂದಲು ತಾಕುವ ಸಂಭವವೇ ಇರಲಿಲ್ಲ. ಮಡಿಯ ಉಳಿದ ಕಟ್ಟುಗಳಲ್ಲಿ ನನಗೆ ಶ್ರದ್ಧೆಯಿಲ್ಲ. ಅಡಿಗೆಗೆ ನಿಲ್ಲುವವರ ಬಟ್ಟೆ ಬೆಕ್ಕು ಮಲಗಿದ ಬಟ್ಟೆಯಾಗಿರಬಾರದು ಎಂಬಷ್ಟನ್ನು ಮಾತ್ರ ಒಪ್ಪುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಹತ್ತುತ್ತದೆ ಎಂಬ ನಂಬಿಕೆ ನಮ್ಮ ನಾಡಿನಲ್ಲೆಲ್ಲ ಇದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಸರಿಯಾಗಿ ತಿಳಿಯದೆ ಬೆಕ್ಕಿಗೂ ಮಗುವಿಗೂ ಅನ್ಯಾಯವಾಗುತ್ತಿದೆ. ಕೂದಲನ್ನು ನುಂಗಿದರೆ ದಮ್ಮು ಬರುವುದಿಲ್ಲ. ಕೆಲವರ ಮೈಗೆ ಒಗ್ಗದಿರುವುದು ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಜಿಡ್ಡಿನಲ್ಲಿಯೂ ಇರುವ ಒಂದು ಪ್ರೋಟೀನು. ವಿಜ್ಞಾನಿಗಳು ಅದಕ್ಕೆ ‘ಫೆಲ್ ಡಿ ೧’ ಎಂದು ಹೆಸರಿಟ್ಟಿದ್ದಾರೆ. ಮೈ ನೆಕ್ಕಿದಾಗ ಅದು ಕೂದಲಿಗೆ ಅಂಟಿ ಒಣಗಿ, ಕಣ್ಣಿಗೆ ಕಾಣದ ಧೂಳಾಗಿ ಗಾಳಿಯಲ್ಲಿ ಬಹುಹೊತ್ತು ತೇಲುತ್ತದೆ, ಉಸಿರಿನೊಡನೆ ಒಳಗೆ ಹೋಗುತ್ತದೆ. ಕೂದಲು ಅದರ ವಾಹನ ಮಾತ್ರ. ನೆಲದ ಕೂದಲೆಲ್ಲ ಹೋದರೂ ಈ ಧೂಳು ಉಳಿದಿರಬಹುದು. ಬೆಕ್ಕನ್ನೇ ಮನೆಯಿಂದ ಕಳಿಸಿದರೂ ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಅದು ಇಳಿಯಲು ಐದಾರು ತಿಂಗಳು ಹಿಡಿಯಬಹುದು. ಇಂದು ಬೆಕ್ಕನ್ನು ಬಿಟ್ಟುಬಂದು ನಾಳೆ ಮಗುವಿನ ಕೆಮ್ಮು ನಿಲ್ಲಲೆಂದು ಕಾಯುವವರು ಇದನ್ನು ಅರಿತಿರಬೇಕು.

ಬಿಟ್ಟುಬರುವ ರೀತಿ ನಿಮಗೆಲ್ಲ ತಿಳಿದದ್ದೇ. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ದಾರಿ ಗುರುತು ಹಿಡಿಯದಿರಲೆಂದು ಹಳ್ಳ ದಾಟಿಸಿ ಒಯ್ದು ಸಂತೆಯ ಬಯಲಿನಲ್ಲೋ ಹೊಲದ ಬದುವಿನಲ್ಲೋ ಬಿಚ್ಚುವುದು. ಕೊಲ್ಲಲಿಲ್ಲವೆಂಬ ಸಮಾಧಾನ ನಮ್ಮದು. ಮನೆಯ ಹಾಲಿಗೆ ಒಗ್ಗಿದ ಪ್ರಾಣಿ ಅಲ್ಲಿ ನಾಯಿಗಳ ಬಾಯಿಗೆ ಬೀಳುತ್ತದೆ, ಇಲ್ಲವೆ ಹಸಿವಿನಿಂದ ಸಾಯುತ್ತದೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆ ಕಾಯಿದೆಯ ಹೆಸರನ್ನು ಕೂಡ ನಮ್ಮ ಬೀದಿಯಲ್ಲಿ ಯಾರೂ ಕೇಳಿದ್ದಿಲ್ಲ.

ಮೊನ್ನೆ ನಮ್ಮ ಬೀದಿಯ ಹಿರಿಯರೊಬ್ಬರು ಇಂಥದೇ ಚೀಲವನ್ನು ಹಿಡಿದು ನಮ್ಮ ಕಟ್ಟೆಗೆ ಬಂದರು. ಮೊಮ್ಮಗನಿಗೆ ಎರಡು ತಿಂಗಳಿಂದ ರಾತ್ರಿ ಕೆಮ್ಮು. ಮನೆಯವರೆಲ್ಲ ಬೆಕ್ಕಿನ ಕೂದಲೇ ಕಾರಣವೆಂದು ತೀರ್ಮಾನಿಸಿದ್ದರು. ಹುಡುಗನನ್ನು ವೈದ್ಯರಿಗೆ ತೋರಿಸಿದಿರಾ ಎಂದೆ. ಕಷಾಯ ಕೊಟ್ಟಿದ್ದೇವೆ ಎಂದರು. ಹತ್ತಿ ಬಿಡಿಸಿ ಮನೆಯ ಪಡಸಾಲೆಯಲ್ಲೇ ರಾಶಿ ಹಾಕಿದ ದಿನಗಳವು. ಹತ್ತಿಯ ಎಳೆ, ಹೊಲದ ಧೂಳು, ಒಲೆಯ ಹೊಗೆ ಎಲ್ಲವೂ ಆ ಮನೆಯಲ್ಲಿದ್ದವು. ಅವುಗಳಲ್ಲಿ ಚೀಲದೊಳಗೆ ಹಿಡಿಸುವುದು ಬೆಕ್ಕೊಂದೇ ಆದ್ದರಿಂದ ಶಿಕ್ಷೆ ಅದಕ್ಕೆ ಬಂದಿತ್ತು.

ನಾನು ಅವರಿಗೆ ಹೇಳಿದ್ದು ಇಷ್ಟು. ಮೊದಲು ಹುಡುಗನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಯಾವ ವಸ್ತು ಒಗ್ಗುವುದಿಲ್ಲವೆಂದು ಕಂಡುಹಿಡಿಯುವ ಚರ್ಮಪರೀಕ್ಷೆ ದೊಡ್ಡ ಊರುಗಳಲ್ಲಿ ಆಗುತ್ತದೆ. ಅಲ್ಲಿಯವರೆಗೆ ಬೆಕ್ಕು ಹುಡುಗ ಮಲಗುವ ಕೋಣೆಗೆ ಹೋಗದಂತೆ ಬಾಗಿಲು ಹಾಕಿ, ಅವನ ಹಾಸಿಗೆಯ ಅರಿವೆಗಳನ್ನೆಲ್ಲ ಒಗೆಯಿರಿ. ಹಣಿಗೆಯನ್ನು ನೀವೇ ಹಿಡಿಯಿರಿ, ಹೊರಗಿನ ಕಟ್ಟೆಯಲ್ಲಿ. ಹುಡುಗ ಹತ್ತಿರವಿರುವುದು ಬೇಡ. ಬೆಕ್ಕಿನ ಮೈಯಲ್ಲಿ ಎಲ್ಲಿಯಾದರೂ ದುಂಡಗೆ ಬೋಳಾಗಿದ್ದರೆ ಅದು ಉದುರುವಿಕೆಯಲ್ಲ, ಗಜಕರ್ಣವಿರಬಹುದು, ಮಕ್ಕಳಿಗೆ ಅಂಟುತ್ತದೆ, ಪಶುವೈದ್ಯರಿಗೆ ತೋರಿಸಬೇಕು. ಹುಡುಗನಿಗೆ ಬೆಕ್ಕು ನಿಜವಾಗಿಯೂ ಒಗ್ಗುವುದಿಲ್ಲವೆಂದು ವೈದ್ಯರು ಹೇಳಿದರೆ ನಾನು ವಾದ ಮಾಡುವುದಿಲ್ಲ. ಮಗುವಿನ ಉಸಿರಿಗಿಂತ ಬೆಕ್ಕು ದೊಡ್ಡದಲ್ಲ. ಆಗಲೂ ಚೀಲ ಬೇಡ. ಕಾಳಿನ ಚೀಲಗಳೂ ಇಲಿಗಳೂ ಇರುವ ಮನೆ ಈ ಊರಿನಲ್ಲಿ ಇನ್ನೂ ಬೇಕಾದಷ್ಟಿವೆ, ಅಂಥ ಒಂದನ್ನು ನಾನೇ ಹುಡುಕಿಕೊಡುತ್ತೇನೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಬೆಕ್ಕಿಗೆ ಹೆರಳು ಹಾಕುವ ವಯಸ್ಸೇ ಇದು ಎಂದು ಒಮ್ಮೆ ಗೊಣಗಿದರು. ಕೊನೆಗೆ ಹದಿನೈದು ದಿನಗಳ ಅವಧಿಗೆ ಒಪ್ಪಿ, ನಮ್ಮ ಮನೆಯ ಹಳೆಯ ಸೀರಣಿಗೆಯನ್ನು ಕೇಳಿ ಪಡೆದುಕೊಂಡು ಹೋದರು. ಚೀಲವನ್ನು ನಮ್ಮ ಕಟ್ಟೆಯ ಮೇಲೆಯೇ ಬಿಟ್ಟಿದ್ದಾರೆ. ಅದಾಗಿ ಇಂದಿಗೆ ನಾಲ್ಕು ದಿನವಾಯಿತು. ನಾಳೆ ಹುಡುಗನನ್ನು ಹುಬ್ಬಳ್ಳಿಗೆ ಕರೆದೊಯ್ಯುತ್ತಾರಂತೆ.